ಗರ್ಭದಲ್ಲಿ ವರ್ಣತಂತುಗಳ ಎಣಿಕೆ

ಆಲೆಮನೆಯೆಂದರೆ ಕಬ್ಬನ್ನು ಅರೆದು ಬೆಲ್ಲ ಕಾಯಿಸುವ ಸ್ಥಳವೆಂಬುದನ್ನು ಮಂಡ್ಯದ ಸೀಮೆಯ ಮಕ್ಕಳೆಲ್ಲರೂ ಬಲ್ಲರು. ಆ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಗರ್ಭಸ್ಥ ಶಿಶುವಿನ ಲಿಂಗವನ್ನು ಹಣಕ್ಕೆ ಹೇಳುತ್ತಿದ್ದರೆಂಬ ಆರೋಪವು 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರ ತನಿಖೆಯಿಂದ ಹೊರಬಿದ್ದಿತು. 2024ರ ಮೇ ತಿಂಗಳಿನಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲಿಯೇ ಹೆಣ್ಣು ಭ್ರೂಣದ ಹತ್ಯೆ ನಡೆಯಿತೆಂಬ ಪ್ರಕರಣ ಬಯಲಾಯಿತು. ಇಂತಹ ಸುದ್ದಿಗಳನ್ನು ಕೇಳಿದ ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲಗಳ ಜನರಿಗೆ ಗರ್ಭದ ಪರೀಕ್ಷೆಯೆಂದೊಡನೆ ಸಂಶಯ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಕಾನೂನು ಒಪ್ಪಿದ ಬೇರೊಂದು ಪರೀಕ್ಷೆಯುಂಟು. ಅದು ಕೇಳುವ ಪ್ರಶ್ನೆಯೇ ಬೇರೆ.

ನಮ್ಮ ಪ್ರತಿಯೊಂದು ಜೀವಕೋಶದ ನಡುವಣ ಕೋಶಕೇಂದ್ರದಲ್ಲಿ ವರ್ಣತಂತುಗಳೆಂಬ ಎಳೆಗಳಿವೆ. ಇವು 48 ಎಂದು ಬಹುಕಾಲ ನಂಬಲಾಗಿದ್ದಿತು. 46 ಮಾತ್ರವೆಂದು 1956ರಲ್ಲಿ ಸ್ವೀಡನ್ನಿನಲ್ಲಿ ಟಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳು ಎಣಿಸಿ ತೋರಿಸಿದರು. ಇವು 23 ಜೊತೆಗಳು. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಮತ್ತೊಂದು ತಂದೆಯದು. 21ನೆಯ ವರ್ಣತಂತು ಎರಡರ ಬದಲು ಮೂರಾದರೆ ಹುಟ್ಟುವ ಶಿಶುವಿಗೆ ಡೌನ್ ಸಿಂಡ್ರೋಮ್ ಇರುವುದು. ಬುದ್ಧಿಯ ಬೆಳವಣಿಗೆ ನಿಧಾನ. ಇಂತಹ ಶಿಶುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹೃದಯದ ದೋಷವೂ ಇರುತ್ತದೆ. 1866ರಲ್ಲಿ ಲ್ಯಾಂಗ್ಡನ್ ಡೌನ್ ಎಂಬ ಆಂಗ್ಲ ವೈದ್ಯನು ವರ್ಣಿಸಿದ ಈ ಸ್ಥಿತಿಯ ಕಾರಣವು 1959ರಲ್ಲಿ ಪ್ಯಾರಿಸಿನಲ್ಲಿ ತಿಳಿಯಿತು.

ಮೂರನೆಯದು ಎಲ್ಲಿಂದ ಬಂದಿತು? ಹೆಂಗಸಿನ ಅಂಡಾಣುಗಳು ಆಕೆ ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ವಿಭಜನೆಯನ್ನು ಆರಂಭಿಸಿ ಅರ್ಧದಲ್ಲಿಯೇ ನಿಂತುಬಿಡುತ್ತವೆ. ಮೂವತ್ತೋ ನಲವತ್ತೋ ವರ್ಷ ಕಾದಿದ್ದು ವಿಭಜನೆ ಮುಂದುವರಿಯುವಾಗ ಒಂದು ಜೊತೆ ಬೇರ್ಪಡದೆ ಒಂದೇ ಕಡೆಗೆ ಸರಿದುಹೋಗಬಹುದು. ಕಾದಷ್ಟೂ ತಪ್ಪುವ ಸಂಭವ ಹೆಚ್ಚು. 20 ವರ್ಷದ ತಾಯಿಗೆ ಸುಮಾರು 1,500ರಲ್ಲಿ ಒಂದು ಇರುವ ಸಂಭವವು 35ಕ್ಕೆ ಸುಮಾರು 350ರಲ್ಲಿ ಒಂದು, 40ಕ್ಕೆ 100ರಲ್ಲಿ ಒಂದು ಆಗುತ್ತದೆ. ಆದರೂ ಹೆರಿಗೆಗಳಲ್ಲಿ ಹೆಚ್ಚಿನವು ಕಿರಿಯ ವಯಸ್ಸಿನವಾದುದರಿಂದ ಇಂತಹ ಶಿಶುಗಳ ತಾಯಂದಿರಲ್ಲಿ ಅನೇಕರು ಕಿರಿಯರೇ.

ಸೋದರಮಾವನಿಗೆ ಕೊಟ್ಟುದರಿಂದ ಹೀಗಾಯಿತೆಂದು ನಮ್ಮ ಕಡೆ ಹೇಳುವವರುಂಟು. ರಕ್ತಸಂಬಂಧದ ಮದುವೆಯಿಂದ ಹೆಚ್ಚುವುದು ತಂದೆತಾಯಿಗಳಿಬ್ಬರಲ್ಲಿಯೂ ಒಂದೇ ದೋಷಯುಕ್ತ ಜೀನು ಅಡಗಿರುವ ರೋಗಗಳು. ವರ್ಣತಂತುವಿನ ಎಣಿಕೆ ತಪ್ಪುವುದು ಬೇರೆ ಸಂಗತಿ. ಸೊಸೆಯನ್ನೋ ಆಕೆಯ ತವರನ್ನೋ ದೂರುವುದಕ್ಕೆ ಇಲ್ಲಿ ಆಧಾರವಿಲ್ಲ. ನೂರರಲ್ಲಿ ಮೂರು ನಾಲ್ಕು ಪ್ರಸಂಗಗಳಲ್ಲಿ ಮಾತ್ರ ಹೆಚ್ಚಿನ ತುಣುಕು ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ಆಗ ತಂದೆತಾಯಿಗಳ ರಕ್ತವನ್ನೂ ಪರೀಕ್ಷಿಸುವುದು ಅವಶ್ಯ.

ಇನ್ನು ಪರೀಕ್ಷೆ. ಗರ್ಭದ 11ರಿಂದ 14ನೆಯ ವಾರದೊಳಗೆ ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ಕತ್ತಿನ ಹಿಂದಿನ ನೀರಿನ ಪದರವನ್ನು ಅಳೆದು, ತಾಯಿಯ ರಕ್ತದ ಕೆಲವು ವಸ್ತುಗಳನ್ನೂ ನೋಡುವರು. ಐದನೆಯ ತಿಂಗಳಿನಲ್ಲಿ ಮೊದಲ ಸಲ ಆಸ್ಪತ್ರೆಗೆ ಹೋದವಳಿಗೆ ಈ ಅವಕಾಶ ಕೈತಪ್ಪಿರುತ್ತದೆ. ತಾಯಿಯ ರಕ್ತದಲ್ಲಿ ಗರ್ಭದ ಡಿ.ಎನ್.ಎ. ತುಣುಕುಗಳು ತೇಲುತ್ತಿರುವುದನ್ನು 1997ರಲ್ಲಿ ಡೆನಿಸ್ ಲೋ ಮತ್ತು ಸಂಗಡಿಗರು ಪ್ರಕಟಿಸಿದರು. 10ನೆಯ ವಾರದಿಂದ ಮಾಡಬಹುದಾದ ಹೊಸ ರಕ್ತಪರೀಕ್ಷೆಯ ಮೂಲ ಇದೇ.

ಈ ಪರೀಕ್ಷೆಯು ನೂರಕ್ಕೆ ತೊಂಬತ್ತೊಂಬತ್ತು ಪಾಲು ನಿಖರವೆಂದು ಕೇಳಿ ಮೋಸಹೋಗಬಾರದು. ಲೆಕ್ಕ ಮಾಡೋಣ. 1,00,000 ಗರ್ಭಿಣಿಯರಲ್ಲಿ 100 ಮಂದಿಯ ಶಿಶುಗಳಿಗೆ ದೋಷವಿದೆಯೆನ್ನಿ. ಪರೀಕ್ಷೆಯು 99ನ್ನು ಹಿಡಿಯಿತು. ಉಳಿದ 99,900ರಲ್ಲಿ ಸಾವಿರಕ್ಕೊಬ್ಬರಂತೆ ತಪ್ಪಿದರೂ ಸುಮಾರು 100 ಮಂದಿಗೆ ಸುಳ್ಳು ಎಚ್ಚರಿಕೆ ಬರುತ್ತದೆ. ಅಂದರೆ ದೋಷವಿದೆಯೆಂಬ ಉತ್ತರ ಪಡೆದವರಲ್ಲಿ ಅರ್ಧದಷ್ಟು ಮಂದಿಯ ಶಿಶುಗಳಿಗೆ ದೋಷವೇ ಇಲ್ಲ! ಆದುದರಿಂದ ಇದು ತೀರ್ಪಲ್ಲ, ಶೋಧನೆ ಮಾತ್ರ. ನಿಶ್ಚಯಕ್ಕೆ ಮಾಸಿನ ಚೂರನ್ನಾಗಲಿ, 15ನೆಯ ವಾರದ ತರುವಾಯ ಸೂಜಿಯಿಂದ ಗರ್ಭೋದಕವನ್ನಾಗಲಿ ತೆಗೆದು ಕೋಶಗಳನ್ನು ಪರೀಕ್ಷಿಸಬೇಕು. ಇದರಿಂದ ಗರ್ಭಪಾತವಾಗುವ ಅಪಾಯ ಅಲ್ಪವಾದರೂ ಇದೆ.

ಗರ್ಭೋದಕದ ಕೋಶಗಳನ್ನು ಬೆಳೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವವನಿಗೆ 21ನೆಯದರೊಡನೆ 23ನೆಯ ಜೊತೆಯೂ ಕಾಣಿಸುತ್ತದೆ. ಅದು ಎಕ್ಸ್-ಎಕ್ಸ್ ಆದರೆ ಹೆಣ್ಣು, ಎಕ್ಸ್-ವೈ ಆದರೆ ಗಂಡು. ಈ ತೊಡಕನ್ನರಿತೇ 1994ರ ಕಾಯಿದೆ ರಚಿತವಾಯಿತು. ವರ್ಣತಂತುಗಳ ದೋಷವನ್ನು ಹುಡುಕುವುದಕ್ಕೆ ಅದು ಅನುಮತಿಸುತ್ತದೆ. ತಾಯಿಯ ವಯಸ್ಸು 35 ದಾಟಿರುವುದು, ಎರಡು ಅಥವಾ ಹೆಚ್ಚು ಗರ್ಭಗಳು ತಾವಾಗಿಯೇ ಇಳಿದಿರುವುದು ಮೊದಲಾದವು ಕಾರಣಗಳಾಗಿ ನಿಂತಿವೆ. ಲಿಂಗವನ್ನು ಮಾತ್ರ ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಾಯಿಗೂ ಬಂಧುಗಳಿಗೂ ತಿಳಿಸಕೂಡದು. ತಿಳಿಸಿದ ವೈದ್ಯನಿಗೆ ಮೊದಲ ಅಪರಾಧಕ್ಕೇ ಮೂರು ವರ್ಷಗಳವರೆಗೆ ಸೆರೆ. ಲಿಂಗವನ್ನರಿಯಲು ಬಂದ ಹೆಂಗಸನ್ನು ಗಂಡ ಅಥವಾ ನೆಂಟರು ಬಲವಂತಪಡಿಸಿದರೆಂದೇ, ಬೇರೆ ರುಜುವಾತು ದೊರೆಯದ ಹೊರತು, ನ್ಯಾಯಾಲಯ ಭಾವಿಸುತ್ತದೆ.

ದೋಷವಿದೆಯೆಂದು ನಿಶ್ಚಯವಾದರೆ ಅದನ್ನು ಸರಿಪಡಿಸುವ ಔಷಧವಿಲ್ಲ. ಗರ್ಭವನ್ನು ಉಳಿಸಿಕೊಳ್ಳುವುದೋ, 2021ರಲ್ಲಿ ತಿದ್ದುಪಡಿಯಾದ ಕಾಯಿದೆಯ ಮಿತಿಯೊಳಗೆ ತೆಗೆಸುವುದೋ ಎಂಬುದನ್ನು ವೈದ್ಯರೊಡನೆ ಸಾವಧಾನವಾಗಿ ಮಾತನಾಡಿ ಆ ತಾಯಿಯೇ ನಿರ್ಧರಿಸಬೇಕು. ಉಳಿಸಿಕೊಂಡವಳು ಶಿಶುವಿನ ಹೃದಯವನ್ನು ಗರ್ಭದಲ್ಲಿಯೇ ಸ್ಕ್ಯಾನ್ ಮಾಡಿಸಿ, ದೋಷ ಕಂಡರೆ ಹೆರಿಗೆಗೆ ಊರಿನ ಆಸ್ಪತ್ರೆಯ ಬದಲು ಮೈಸೂರಿಗೋ ಬೆಂಗಳೂರಿಗೋ ಮುಂಚಿತವಾಗಿ ಹೋಗಬಹುದು.