ಕೂದಲೆಳೆಯ ಅಳತೆಗೊಂದು ಉಡುಗೊರೆ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆಲ್ಲ ವರ್ನಿಯರ್ ಕ್ಯಾಲಿಪರ್ಸ್, ಸ್ಕ್ರೂ ಗೇಜ್ ಎರಡೂ ಗೊತ್ತು. ಲೀಸ್ಟ್ ಕೌಂಟ್ ಬರೆದು, ಝೀರೋ ಎರರ್ ಕಳೆದು, ಲ್ಯಾಬ್ ರೆಕಾರ್ಡಿಗೆ ಸಹಿ ಹಾಕಿಸಿಕೊಂಡ ಮೇಲೆ ಬಹುತೇಕರು ಅವನ್ನು ಮತ್ತೆ ಮುಟ್ಟಿರುವುದಿಲ್ಲ. ಆದರೆ ಮನೆಯಲ್ಲೊಬ್ಬ ಹವ್ಯಾಸಿ ಇದ್ದರೆ ಕಥೆ ಬೇರೆ. ಭಾನುವಾರ ಬಂತೆಂದರೆ ಹಳೆಯ ಯೆಜ್ಡಿ ಬಿಚ್ಚಿ ಕೂರುವ ಮಾವ, ತ್ರೀಡಿ ಪ್ರಿಂಟರ್ ತಂದಿಟ್ಟುಕೊಂಡ ಮಗಳು, ಬೆಳ್ಳಿ ನಾಣ್ಯ ಕೂಡಿಡುವ ತಾತ – ಇಂಥವರ ಹುಟ್ಟುಹಬ್ಬಕ್ಕೆ ಅಂಗಿಬಟ್ಟೆಗಿಂತ ಒಂದು ಒಳ್ಳೆಯ ಅಳತೆ ಸಾಧನ ಹೆಚ್ಚು ಖುಷಿ ಕೊಡುತ್ತದೆ. ತೊಂದರೆ ಏನಿದ್ದರೂ ಆರಿಸುವಾಗ.

ಆನ್‌ಲೈನ್ ಅಂಗಡಿ ತೆರೆದರೆ ಒಂದೇ ಬಗೆಯಾಗಿ ಕಾಣುವ ಹತ್ತಾರು ಡಿಜಿಟಲ್ ಕ್ಯಾಲಿಪರ್‌ಗಳು. ಒಂದಕ್ಕೆ ಕೆಲವು ನೂರು ರೂಪಾಯಿ, ಪಕ್ಕದ್ದಕ್ಕೆ ಹಲವು ಸಾವಿರ. ಎರಡರ ಪರದೆಯ ಮೇಲೂ 0.01 ಮಿಲಿಮೀಟರ್‌ವರೆಗಿನ ಅಂಕಿ ಮೂಡುತ್ತದೆ. ಹಾಗಾದರೆ ಹೆಚ್ಚು ದುಡ್ಡು ಯಾತಕ್ಕೆ? ಪರದೆ ಎಷ್ಟು ಅಂಕಿ ತೋರಿಸುತ್ತದೆ ಎನ್ನುವುದು ಒಂದು, ಆ ಅಂಕಿಯನ್ನು ಎಷ್ಟು ನಂಬಬಹುದು ಎನ್ನುವುದು ಇನ್ನೊಂದು. ಹೆಸರಾಂತ ಕಂಪನಿಗಳೂ ತಮ್ಮ 150 ಮಿ.ಮೀ. ಡಿಜಿಟಲ್ ಕ್ಯಾಲಿಪರ್ 0.02 ಮಿ.ಮೀ. ಆಚೀಚೆ ತೋರಿಸಬಹುದು ಎಂದೇ ಬರೆದುಕೊಡುತ್ತವೆ. ಅಂದರೆ ದುಬಾರಿ ಸಾಧನದಲ್ಲೂ ಕೊನೆಯ ಅಂಕಿಗೆ ಖಾತ್ರಿ ಇಲ್ಲ. ಅಗ್ಗದ್ದರಲ್ಲಿ ಕೊನೆಯ ಎರಡು ಅಂಕಿಯನ್ನೂ ಅನುಮಾನದಿಂದಲೇ ನೋಡಬೇಕು. ಮನುಷ್ಯರ ತಲೆಗೂದಲಿನ ದಪ್ಪವೇ ಸುಮಾರು 0.05ರಿಂದ 0.1 ಮಿ.ಮೀ. ಎಂಬುದನ್ನು ನೆನೆದರೆ ಇಲ್ಲಿ ಎಂಥ ಸಣ್ಣ ಅಳತೆಯ ಮಾತಾಗುತ್ತಿದೆ ಎಂದು ತಿಳಿಯುತ್ತದೆ.

ಅಗ್ಗದ ಡಿಜಿಟಲ್‌ಗೆ ಇನ್ನೊಂದು ಖಾಯಿಲೆಯಿದೆ. ಸ್ವಿಚ್ ಆಫ್ ಮಾಡಿದರೂ ಒಳಗಿನ ಸರ್ಕ್ಯೂಟ್ ಮಲಗುವುದಿಲ್ಲ. ಗುಂಡಿಯಾಕಾರದ ಸೆಲ್ಲನ್ನು ಸದ್ದಿಲ್ಲದೆ ಹೀರುತ್ತಲೇ ಇರುತ್ತದೆ. ಆರು ತಿಂಗಳ ನಂತರ ಡಬ್ಬಿ ತೆರೆದರೆ ಪರದೆ ಖಾಲಿ.

1631ರಲ್ಲಿ ಪಿಯರ್ ವರ್ನಿಯರ್ ಎಂಬ ಫ್ರೆಂಚ್ ಗಣಿತಜ್ಞ ವಿವರಿಸಿದ ಜಾರುಪಟ್ಟಿಗೆ ಈ ಚಿಂತೆಯೇ ಇಲ್ಲ. ಸೆಲ್ ಬೇಡ, ಎಣ್ಣೆ ಸವರಿ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಒಂದೇ ಅಡ್ಡಿಯೆಂದರೆ ಕಣ್ಣು. ಯಾವ ಗೆರೆ ಯಾವ ಗೆರೆಗೆ ಕೂಡಿತು ಎಂದು ನೋಡಲು ಚಾಳೀಸು ದಾಟಿದವರು ಕನ್ನಡಕ ಹುಡುಕಬೇಕು. ಅಂಥವರಿಗೆ ಗಡಿಯಾರದಂತೆ ಮುಳ್ಳಿರುವ ಡಯಲ್ ಕ್ಯಾಲಿಪರ್ ಇದೆ. ಆದರೆ ಅದರ ಹಲ್ಲುಪಟ್ಟಿಗೆ ಕಬ್ಬಿಣದ ಪುಡಿ ಸಿಕ್ಕಿತೆಂದರೆ ಮುಳ್ಳು ಹಾರಿ ತಪ್ಪು ಜಾಗದಲ್ಲಿ ನಿಲ್ಲುತ್ತದೆ. ಲೇತ್ ಪಕ್ಕದಲ್ಲಿ ಕೆಲಸ ಮಾಡುವವರಿಗೆ ಅದನ್ನು ಕೊಡುವ ಮೊದಲು ಯೋಚಿಸುವುದು ಒಳ್ಳೆಯದು.

ಅಷ್ಟಕ್ಕೂ ಎಲ್ಲರಿಗೂ ಕ್ಯಾಲಿಪರ್ರೇ ಬೇಕೆಂದೇನಿಲ್ಲ. ಹವ್ಯಾಸ ಯಾವುದೆಂದು ಮೊದಲು ನೋಡಬೇಕು.

ಮಾವನ ಯೆಜ್ಡಿಯನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಅಲ್ಲಿ ತಯಾರಾದ ಬೈಕುಗಳನ್ನು ಇಂದಿಗೂ ಮನೆಯಂಗಳದಲ್ಲೇ ಬಿಚ್ಚಿ ಜೋಡಿಸುವ ಅಭಿಮಾನಿಗಳು ಊರೂರಲ್ಲಿದ್ದಾರೆ. ಇವರ ಕೈಯಲ್ಲಿ ಹೆಚ್ಚಾಗಿ ಓಡಾಡುವುದು ಮೆಕ್ಯಾನಿಕ್‌ಗಳು ಫಿಲ್ಲರ್ ಗೇಜ್ ಎನ್ನುವ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಉಕ್ಕಿನ ತೆಳು ಎಲೆಗಳ ಕಟ್ಟು. ಪಾಯಿಂಟಿನ ಸಂದು, ಪ್ಲಗ್ಗಿನ ಸಂದು ನೋಡಲು ಅದೇ ಸಾಕು, ಬೆಲೆಯೂ ಕಡಿಮೆ. ಆದರೆ ಪಿಸ್ಟನ್ ಎಷ್ಟು ಸವೆದಿದೆ ಎಂದು ತಿಳಿಯಬೇಕಾದರೆ ಕ್ಯಾಲಿಪರ್ ಸಾಲದು, ಮೈಕ್ರೋಮೀಟರ್, ಅಂದರೆ ಲ್ಯಾಬಿನ ಅದೇ ಸ್ಕ್ರೂ ಗೇಜ್ ಬೇಕು. ಅದರೊಳಗಿನ ತಿರುಪು ಒಂದು ಸುತ್ತಿಗೆ 0.5 ಮಿ.ಮೀ. ಮುಂದೆ ಸರಿಯುತ್ತದೆ, ಸುತ್ತ 50 ಗೆರೆ ಇರುವುದರಿಂದ ಒಂದು ಗೆರೆಗೆ 0.01 ಮಿ.ಮೀ. ಕ್ಯಾಲಿಪರ್‌ನ ದವಡೆ ಅಳತೆಪಟ್ಟಿಯಿಂದ ದೂರ ಚಾಚಿಕೊಂಡಿರುವುದರಿಂದ ಒತ್ತಿ ಹಿಡಿದರೆ ತುಸು ವಾಲುತ್ತದೆ. ಮೈಕ್ರೋಮೀಟರಿನಲ್ಲಿ ವಸ್ತು, ತಿರುಪು ಎರಡೂ ಒಂದೇ ಗೆರೆಯಲ್ಲಿರುವುದರಿಂದ ಆ ವಾಲಾಟವಿಲ್ಲ.

ಇಲ್ಲೇ ಉಡುಗೊರೆ ಕೊಡುವವರು ಎಡವುವುದು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಮೈಕ್ರೋಮೀಟರ್ 0ರಿಂದ 25 ಮಿ.ಮೀ. ವರೆಗೆ ಮಾತ್ರ ಅಳೆಯುತ್ತದೆ. ಹಳೆಯ 250 ಸಿಸಿ ಜಾವಾದ ಸಿಲಿಂಡರ್ ಬೋರ್ 65 ಮಿ.ಮೀ. ಅದರ ಪಿಸ್ಟನ್ ಅಳೆಯಲು 50–75ರ ಸೈಜು ಬೇಕು. ಕೇಳದೆ ತಂದರೆ ಮಾವ ನಕ್ಕು ಥ್ಯಾಂಕ್ಸ್ ಹೇಳಿ ಬೀರುವಿನಲ್ಲಿಡುತ್ತಾರೆ, ಅಷ್ಟೆ. ಬಿಸಿಲಿನಲ್ಲಿದ್ದ ಅಲ್ಯೂಮಿನಿಯಂ ಪಿಸ್ಟನ್ ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.015 ಮಿ.ಮೀ. ಹಿಗ್ಗುತ್ತದೆ. ಮೈಕ್ರೋಮೀಟರಿಗೆ ಅದೂ ಕಾಣಿಸುತ್ತದೆ.

ತ್ರೀಡಿ ಪ್ರಿಂಟರ್ ಇಟ್ಟುಕೊಂಡ ಮಗಳಿಗೆ ಡಿಜಿಟಲ್ ಕ್ಯಾಲಿಪರ್ರೇ ಸರಿ. ಪ್ರಿಂಟರಿಗೆ ಉಣಿಸುವ ಪ್ಲಾಸ್ಟಿಕ್ ದಾರದ ದಪ್ಪ 1.75 ಮಿ.ಮೀ. ಇರಬೇಕು. ಅದು 1.70 ಆದರೆ ಹರಿಯುವ ಪ್ಲಾಸ್ಟಿಕ್ಕಿನಲ್ಲಿ ನೂರಕ್ಕೆ ಐದೂವರೆ ಪಾಲಿನಷ್ಟು ಕಡಿಮೆಯಾಗುತ್ತದೆ, ಗೋಡೆ ತೆಳುವಾಗುತ್ತದೆ. ದಿನಕ್ಕೆ ಹತ್ತು ಸಲ ಅಳೆಯುವವರಿಗೆ ಪರದೆಯೇ ಅನುಕೂಲ.

ನಾಣ್ಯ ಸಂಗ್ರಹಿಸುವ ತಾತನಿಗೆ ಕ್ಯಾಲಿಪರ್‌ಗಿಂತ ಮೊದಲು ಬೇಕಾದದ್ದು 0.01 ಗ್ರಾಂ ತೂಗುವ ಪುಟ್ಟ ತಕ್ಕಡಿ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಅಗ್ಗದ ಲೋಹದ ನಕಲಿ ಅಗಲ ಸರಿ ಮಾಡಿಕೊಂಡರೆ ತೂಕದಲ್ಲಿ ಸಿಕ್ಕಿಬೀಳುತ್ತದೆ, ತೂಕ ಸರಿ ಮಾಡಿಕೊಂಡರೆ ದಪ್ಪದಲ್ಲಿ. ಇನ್ನು ಮರಗೆಲಸದವರಿಗೆ ಒಂದು ನೆಟ್ಟಗಿನ ಮೂಲೆಮಟ್ಟ ಕೊಡಿ. ಮಳೆಗಾಲದ ತೇವಕ್ಕೆ ಅಗಲದ ಹಲಗೆ ಮಿಲಿಮೀಟರ್ ಲೆಕ್ಕದಲ್ಲೇ ಹಿಗ್ಗುವಾಗ ಕೂದಲೆಳೆಯ ಅಳತೆ ಹಿಡಿದು ಮಾಡುವುದೇನು?

ಹವ್ಯಾಸ ಗೊತ್ತು, ಅವರ ಬಳಿ ಏನಿದೆ ಎಂದು ಗೊತ್ತಿಲ್ಲ ಎನ್ನುವ ಸ್ಥಿತಿಯಲ್ಲಿ ಹೆಸರಿರುವ ಕಂಪನಿಯ 150 ಮಿ.ಮೀ. ಸಾದಾ ವರ್ನಿಯರ್ ಕ್ಯಾಲಿಪರ್ ಕೊಳ್ಳುವುದೇ ಲೇಸು. ಒಂದು ಇದ್ದರೂ ಇನ್ನೊಂದು ವ್ಯರ್ಥವಾಗದು. ಜಪಾನಿನ ಮಿಟುಟೊಯೊದಂಥ ಹೆಸರುಗಳ ನಕಲಿ ಮಾಲು ಮಾರುಕಟ್ಟೆಯಲ್ಲಿರುವುದರಿಂದ ಅಧಿಕೃತ ಮಾರಾಟಗಾರರಲ್ಲೇ ಕೊಂಡು ಬಿಲ್ಲು ಪಡೆಯಬೇಕು. ಜೊತೆಗೆ ಬೇರಿಂಗ್ ಅಂಗಡಿಯಿಂದ ಒಳ್ಳೆಯ ಕಂಪನಿಯ 608 ನಂಬರಿನ ಒಂದು ಬೇರಿಂಗ್ ತಂದರೆ ಉಡುಗೊರೆ ಪೂರ್ತಿಯಾಯಿತು. ಅದರ ಹೊರ ವ್ಯಾಸ 22, ಒಳ ವ್ಯಾಸ 8, ಅಗಲ 7 ಮಿ.ಮೀ. ಹೊರ, ಒಳ ವ್ಯಾಸಗಳನ್ನು ಕಾರ್ಖಾನೆಯಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ತಪ್ಪದಂತೆ ಅರೆದಿರುತ್ತಾರೆ. ಕ್ಯಾಲಿಪರ್ ನಿಜ ಹೇಳುತ್ತಿದೆಯೇ ಎಂದು ಮನೆಯಲ್ಲೇ ನೋಡಲು ಇಷ್ಟು ಅಗ್ಗದ ಸಾಕ್ಷಿ ಬೇರೆ ಸಿಗದು.

ಬಣ್ಣದ ಕಾಗದ ಸುತ್ತುವ ಮೊದಲು ಒಂದು ಕೆಲಸ ಮಾಡಿ. ದವಡೆಗಳನ್ನು ಒರೆಸಿ, ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕು ಕಂಡರೆ ಬಿಲ್ಲಿನ ಸಮೇತ ಅದೇ ದಿನ ಅಂಗಡಿಗೆ ವಾಪಸು ಕೊಡಿ.