ಮರೆವಿಗೆ ಮದ್ದಲ್ಲದ ಮದ್ದು

1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯದಲ್ಲಿ, ಹೂಕೋಸು ಮತ್ತು ಹಂದಿಮಾಂಸವನ್ನು ಉಣ್ಣುತ್ತಿದ್ದ ಆಗಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆಯನ್ನು ವೈದ್ಯ ಅಲೋಯಿಸ್ ಆಲ್ಝೈಮರ್ ಅವರು ಏನು ತಿನ್ನುತ್ತಿರುವಿರೆಂದು ಪ್ರಶ್ನಿಸಲು, ಆಕೆ ಪಾಲಕ್ ಸೊಪ್ಪು ಎಂದು ಉತ್ತರವಿತ್ತರು. ಪತಿಯ ಹೆಸರನ್ನು ಕೇಳಿದಾಗ ತಮ್ಮ ಹೆಸರನ್ನೇ ನುಡಿದರು. 1906ರಲ್ಲಿ ಆಲ್ಝೈಮರ್ ಈ ವ್ಯಾಧಿಯನ್ನು ವಿದ್ವತ್ಸಭೆಯ ಮುಂದಿಟ್ಟರು. 1910ರಲ್ಲಿ ಅದಕ್ಕೆ ಅವರ ಹೆಸರೇ ಬಂದಿತು. ಆದರೆ ರೋಗಕ್ಕೆ ಹೆಸರು ದೊರೆತ ಮೇಲೂ, ರೋಗಿಯ ಉಳಿದ ಬುದ್ಧಿಶಕ್ತಿಗೆ ಆಸರೆ ನೀಡಬಹುದೆಂಬ ವಿಚಾರವು ರೂಪುಗೊಳ್ಳಲು ಅರ್ಧ ಶತಮಾನವೇ ಹಿಡಿಯಿತು.

ಆ ಹೆಜ್ಜೆಯನ್ನಿಟ್ಟವರಲ್ಲಿ ಮೊದಲಿಗರು ಅಮೆರಿಕದ ಮನೋವೈದ್ಯ ಜೇಮ್ಸ್ ಫೋಲ್ಸಮ್. 1958ರಲ್ಲಿ ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿ, ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ, ಅವರು ಆರಂಭಿಸಿದ ಕ್ರಮವು ಮುಂದೆ ವಾಸ್ತವ ಪ್ರಜ್ಞಾಬೋಧೆಯೆಂದು ಪ್ರಸಿದ್ಧವಾಯಿತು. ಊರು, ವಾರ, ತಾರೀಖು, ಹವೆ, ಮುಂದಿನ ಊಟದ ಹೊತ್ತು, ಇವುಗಳನ್ನು ಗೋಡೆಯ ಹಲಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದು, ದಿನವೂ ನೆನಪಿಸುವುದೇ ಅದರ ಸಾರ. ವೃದ್ಧರನ್ನು ಕೈಬಿಡಬೇಕಾಗಿಲ್ಲವೆಂಬ ಭರವಸೆಯನ್ನು ಆಸ್ಪತ್ರೆಗಳಲ್ಲಿ ಬಿತ್ತಿದ ಕೀರ್ತಿ ಅದರದು. ಆದರೆ ಯಾಂತ್ರಿಕವಾಗಿ ಅನುಸರಿಸಿದೆಡೆಗಳಲ್ಲಿ ಅದು ಕ್ರೂರವೂ ಆಯಿತು: ಎಂದೋ ತೀರಿಕೊಂಡ ತಾಯಿಯನ್ನು ಹುಡುಕುವ ವೃದ್ಧೆಗೆ, ಆಕೆ ಸತ್ತಿರುವಳೆಂದು ತಿದ್ದಿ ಹೇಳಿದಾಗಲೆಲ್ಲ, ದುಃಖವು ಹೊಸದಾಗಿಯೇ ಎರಗುತ್ತಿತ್ತು.

ಈ ದೋಷವನ್ನು ಕಂಡು, ಹಳೆಯ ಕ್ರಮದ ಸತ್ತ್ವವನ್ನು ಮಾತ್ರ ಉಳಿಸಿಕೊಂಡು, ಏಮೀ ಸ್ಪೆಕ್ಟರ್, ಬಾಬ್ ವುಡ್ಸ್, ಮಾರ್ಟಿನ್ ಒರೆಲ್ ಮೊದಲಾದ ಬ್ರಿಟಿಷ್ ಸಂಶೋಧಕರು ಬುದ್ಧಿಪ್ರಚೋದನ ಚಿಕಿತ್ಸೆಯನ್ನು ರೂಪಿಸಿದರು. ವಾರಕ್ಕೆರಡರಂತೆ ಏಳು ವಾರ, ಒಟ್ಟು 14 ಕೂಟಗಳು. ಒಂದೊಂದಕ್ಕೆ 45 ನಿಮಿಷ. ಬಾಲ್ಯ, ಆಹಾರ, ಧ್ವನಿಗಳು, ಹಣದ ಬಳಕೆ, ಪದಕ್ರೀಡೆ ಮುಂತಾದವು ಅಲ್ಲಿಯ ವಿಷಯಗಳು. ಇಂದು ಯಾವ ವಾರವೆಂದು ಅಲ್ಲಿ ಯಾರನ್ನೂ ಪರೀಕ್ಷಿಸುವುದಿಲ್ಲ. ಎರಡು ಚಿತ್ರಗಳನ್ನು ಮುಂದಿಟ್ಟು, ನಿಮಗೆ ಯಾವುದು ಹಿಡಿಸಿತು, ಏಕೆ ಹಿಡಿಸಿತು ಎಂದು ಕೇಳುತ್ತಾರೆ. ನೆನಪು ತಪ್ಪಬಹುದು, ಆದರೆ ಅಭಿಪ್ರಾಯ ತಪ್ಪಾಗಲಾರದು. ಅವಮಾನದ ಭಯವಿಲ್ಲದೆಡೆಯಲ್ಲಿಯೇ ಮುದುಡಿದ ನಾಲಗೆ ಸಡಿಲವಾಗುವುದು. 201 ಮಂದಿಯ ಮೇಲೆ ನಡೆಸಿದ ಇದರ ಪ್ರಯೋಗದ ಫಲಿತಾಂಶವು 2003ರಲ್ಲಿ ಪ್ರಕಟವಾದಾಗ, ಬುದ್ಧಿಶಕ್ತಿಯೂ ಜೀವನದ ನೆಮ್ಮದಿಯೂ ಸುಧಾರಿಸಿದ್ದು ಕಂಡುಬಂದಿತು.

ಇತ್ತ, ಒಂದೇ ಬಗೆಯ ಅಭ್ಯಾಸಗಳಿಂದ ಸ್ಮೃತಿಯನ್ನು ಸಾಣೆ ಹಿಡಿಯುವ ಬುದ್ಧಿ ತರಬೇತಿಗೆ ಅಂಥ ಯಶಸ್ಸು ದೊರೆಯಲಿಲ್ಲ. ಅಭ್ಯಾಸ ಮಾಡಿದ ವಿಷಯದಲ್ಲಿ ಕೈ ಪಳಗಿದರೂ, ಆ ಲಾಭವು ನಿತ್ಯಜೀವನಕ್ಕೆ ಇಳಿದು ಬರುವುದು ವಿರಳ. ಆದುದರಿಂದಲೇ ಬ್ರಿಟನ್ನಿನ 2018ರ ಅಧಿಕೃತ ಮಾರ್ಗಸೂಚಿಯು, ಸೌಮ್ಯ ಮತ್ತು ಮಧ್ಯಮ ಹಂತದ ಆಲ್ಝೈಮರ್ ರೋಗಿಗಳಿಗೆ ಇಂಥ ತರಬೇತಿ ಬೇಡವೆಂದೂ, ಗುಂಪಿನಲ್ಲಿ ನಡೆಯುವ ಬುದ್ಧಿಪ್ರಚೋದನವನ್ನು ಒದಗಿಸಬೇಕೆಂದೂ ವಿಧಿಸಿತು. ಲಿಂಡಾ ಕ್ಲೇರ್ ಅವರ ನೇತೃತ್ವದಲ್ಲಿ 475 ಮಂದಿ ಪಾಲ್ಗೊಂಡ ಮತ್ತೊಂದು ಪ್ರಯೋಗವು, ರೋಗಿಯು ತಾನೇ ಆರಿಸಿಕೊಂಡ ಗುರಿಯನ್ನು, ಉದಾಹರಣೆಗೆ ಅಡುಗೆ ಸೀಯದಂತೆ ನೋಡಿಕೊಳ್ಳುವುದನ್ನು, ಮನೆಯಲ್ಲಿಯೇ ಕಲಿಸಿದರೆ ಆ ಕಾರ್ಯದಲ್ಲಿ ನಿಜವಾದ ಪ್ರಗತಿ ಸಾಧ್ಯವೆಂದು ತೋರಿಸಿತು.

ಇವುಗಳಲ್ಲಿ ಯಾವುದೂ ರೋಗವನ್ನು ತಡೆದು ನಿಲ್ಲಿಸದು. ಇದನ್ನು ಮರೆಮಾಚುವುದು ರೋಗಿಯ ಮನೆಯವರಿಗೆ ಬಗೆಯುವ ದ್ರೋಹ. ಆದರೂ ರೋಗದೊಡನೆ ಬದುಕುವ ವರ್ಷಗಳನ್ನು ಹಸನುಗೊಳಿಸುವುದು ಅಲ್ಪ ಸಾಧನೆಯಲ್ಲ. ಚೆನ್ನೈಯಲ್ಲಿ ಬುದ್ಧಿಪ್ರಚೋದನದ ಕೂಟಗಳನ್ನು ತಮಿಳಿನ ಪರಿಸರಕ್ಕೆ ಹೊಂದಿಸಿ ನೋಡಿದ್ದಾರೆ. ಕನ್ನಡಕ್ಕಾದರೋ ಸಾಮಗ್ರಿಯ ಕೊರತೆಯಿಲ್ಲ: ಚೌಕಾಬಾರವಿದೆ, ಅಳಗುಳಿಮಣೆಯಿದೆ; 'ಕೈ ಕೆಸರಾದರೆ' ಎಂದು ಒಬ್ಬರು ಆರಂಭಿಸಿದರೆ, ಮೊಮ್ಮಗನ ಹೆಸರನ್ನು ಮರೆತವರೂ 'ಬಾಯಿ ಮೊಸರು' ಎಂದು ಪೂರೈಸಬಲ್ಲರು. 'ನಾನು ಯಾರು, ಹೇಳು ನೋಡೋಣ' ಎಂದು ಹಿರಿಯರನ್ನು ದಿನವೂ ಪರೀಕ್ಷೆಗೊಡ್ಡುವ ನಮ್ಮ ಮನೆಗಳು ಆ ರೂಢಿಯನ್ನು ಬಿಟ್ಟು, 'ನಾನು ನಿಮ್ಮ ಮಗಳು, ಇವತ್ತಿನ ಸಾರು ಹೇಗಿದೆ' ಎಂದು ಮಾತಿಗಾರಂಭಿಸಲು ಯಾವ ವೈದ್ಯರ ಚೀಟಿಯೂ ಬೇಕಿಲ್ಲ. ವೃದ್ಧಾಶ್ರಮಗಳೂ ಜಿಲ್ಲಾಸ್ಪತ್ರೆಗಳೂ ಇಂಥ ಕೂಟಗಳನ್ನು ನಡೆಸಲು ದಾದಿಯರನ್ನು ಸಿದ್ಧಗೊಳಿಸುವ ಹೊಣೆಯನ್ನು ಇನ್ನು ಮುಂದೂಡಲಾಗದು.