ಪರಲೋಕದ ಹೂವು, ಮುಚ್ಚಿದ ಬಾಗಿಲು

ಸತ್ತವನು ಬೇರೊಂದು ಲೋಕದಲ್ಲಿ ಮರುಹುಟ್ಟು ಪಡೆಯುವ ಅಥವಾ ಇದ್ದಕ್ಕಿದ್ದಂತೆ ಅಲ್ಲಿಗೆ ಹೋಗಿ ಸೇರುವ ಕಥೆಗಳಿಗೆ ಜಪಾನಿನಲ್ಲಿ ‘ಇಸೆಕಾಯ್’ ಎಂದು ಹೆಸರು. ‘ಬೇರೆ ಲೋಕ’ ಎಂಬುದೇ ಆ ಶಬ್ದದ ಅರ್ಥ. ಅಂತರ್ಜಾಲದಲ್ಲಿ ಹವ್ಯಾಸಿಗಳು ಕಂತು ಕಂತಾಗಿ ಬರೆದ ಇಂಥ ಕಥೆಗಳು ಪುಸ್ತಕಗಳಾಗಿ, ಬಳಿಕ ‘ಅನಿಮೆ’ ಎನ್ನುವ ಚಿತ್ರ ಧಾರಾವಾಹಿಗಳಾಗಿ ಲೋಕವನ್ನೆಲ್ಲ ಸುತ್ತಿವೆ. ಅವುಗಳ ಹಾವಳಿ ಎಷ್ಟಾಯಿತೆಂದರೆ, 2017ರಲ್ಲಿ ಅಲ್ಲಿನ ದೊಡ್ಡ ಪ್ರಕಾಶನ ಸಂಸ್ಥೆ ಕಾಡೊಕಾವಾ ತನ್ನ ಕಾದಂಬರಿ ಸ್ಪರ್ಧೆಯೊಂದಕ್ಕೆ ಇಸೆಕಾಯ್ ಕಥೆಗಳನ್ನು ಕಳಿಸಲೇಬಾರದೆಂದು ನಿಯಮ ಮಾಡಿತು.

ಅದೇ ವರ್ಷ ತೆರೆಗೆ ಬಂದ, ಬೇರೆ ಲೋಕಕ್ಕೆ ಸ್ಮಾರ್ಟ್‌ಫೋನ್ ಒಯ್ದ ಹುಡುಗನ ಅನಿಮೆಯೊಂದನ್ನು ನೋಡಿದರೆ ಈ ಬೇಸರದ ಕಾರಣ ತಿಳಿಯುತ್ತದೆ. ದೇವರ ಕೈತಪ್ಪಿ ಬಿದ್ದ ಸಿಡಿಲಿಗೆ ಹುಡುಗ ಸಾಯುತ್ತಾನೆ. ದೇವರು ಕ್ಷಮೆ ಕೇಳಿ, ಚಹಾ ಕೊಟ್ಟು, ಬೇರೆ ಲೋಕದಲ್ಲಿ ಮರುಜೀವ ಕರುಣಿಸುತ್ತಾನೆ. ಫೋನು ಅಲ್ಲಿಯೂ ನಡೆಯುವಂತೆ ವರ ನೀಡುತ್ತಾನೆ. ಹುಡುಗನಿಗೆ ಎಲ್ಲ ಬಗೆಯ ಮಾಯಾವಿದ್ಯೆಗಳೂ ಒಲಿಯುತ್ತವೆ. ಶತ್ರುಗಳು ಕ್ಷಣದಲ್ಲಿ ಸೋಲುತ್ತಾರೆ. ಹಲವು ಹುಡುಗಿಯರು ಅವನಿಗೆ ಮನಸೋಲುತ್ತಾರೆ. ಅದರಿಂದ ಹೇಳಿಕೊಳ್ಳುವಂಥ ತೊಡಕೇನೂ ಹುಟ್ಟುವುದಿಲ್ಲ. ಹನ್ನೆರಡು ಕಂತು ಮುಗಿದರೂ, ಮುಂದೇನಾಗುವುದೋ ಎಂಬ ಆತಂಕ ನೋಡುಗನನ್ನು ಮುಟ್ಟುವುದಿಲ್ಲ.

ಹಾಗಾದರೆ ದೋಷ ಪರಲೋಕದ ಕಥೆಯದೇ? ಖಂಡಿತ ಅಲ್ಲ. ಸರ್ವಶಕ್ತ ನಾಯಕ, ಸ್ವರ್ಗದ ಮಾತು, ಒಬ್ಬನಿಗೆ ಹಲವರು ಮಡದಿಯರು – ಇವೇ ಸಾಮಗ್ರಿಗಳಿಂದ ಕಟ್ಟಿದ ಆಟವೊಂದನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನ ಬಲ್ಲರು. ಅದೇ ಶ್ರೀಕೃಷ್ಣ ಪಾರಿಜಾತ.

ಅಪರಾಳ ತಮ್ಮಣ್ಣ ರಚಿಸಿದ ಪಾರಿಜಾತಕ್ಕೆ ರಂಗದ ಮೇಲೆ ಕಳೆ ತಂದವನು ಕುಲಗೋಡ ತಮ್ಮಣ್ಣ. ಹಿಂದೆ ಗೋಕಾಕ ತಾಲೂಕಿನಲ್ಲಿದ್ದ ಕುಲಗೋಡ ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಇದೇ ಸೀಮೆಯ ಕೌಜಲಗಿ ನಿಂಗಮ್ಮನ ಹೆಸರು ಪಾರಿಜಾತದೊಂದಿಗೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿದೆ.

ಕಥೆ ತೀರ ಸಣ್ಣದು. ನಾರದ ದೇವಲೋಕದ ಪಾರಿಜಾತ ಹೂವನ್ನು ದ್ವಾರಕೆಗೆ ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಕೇಳಿದ ಸತ್ಯಭಾಮೆ ಸಿಟ್ಟಾಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಇಲ್ಲಿಂದ ಆಟಕ್ಕೆ ರಂಗು. ಕೃಷ್ಣ ಸಾಮಾನ್ಯನಲ್ಲ, ವೈಕುಂಠದಿಂದ ಭೂಮಿಗೆ ಇಳಿದು ಮನುಷ್ಯನಾಗಿ ಹುಟ್ಟಿದವನು. ಒಂದರ್ಥದಲ್ಲಿ ಅವನೂ ಬೇರೆ ಲೋಕದಿಂದ ಬಂದವನೇ. ಗೋವರ್ಧನ ಎತ್ತಿದ ಕೈ ಅವನದು. ಆದರೆ ಆ ಕೈಗೆ ಭಾಮೆಯ ಮನೆಯ ಅಗುಳಿ ತೆಗೆಯಲು ಬರುವುದಿಲ್ಲ! ಮುರಿಯಬಹುದು ನಿಜ; ಮುರಿದರೆ ಬಾಗಿಲು ತೆರೆದೀತು, ಭಾಮೆಯ ಮನಸ್ಸು ತೆರೆಯದು. ಹೊರಗೆ ನಿಂತು ಅವಳನ್ನು ಒಲಿಸಿಕೊಳ್ಳುವುದೊಂದೇ ಅವನಿಗೆ ಉಳಿದ ದಾರಿ.

ಜನ ನಿದ್ದೆಗೆಟ್ಟು ಕೂರುವುದು ಈ ಬಾಗಿಲ ಮುಂದೆಯೇ. ಹಾರ್ಮೋನಿಯಂ, ತಬಲಾ, ತಾಳಗಳ ಮೇಳದಲ್ಲಿ ಹಾಡು ಸಾಗುತ್ತದೆ. ಹಾಡಿನ ನಡುವಿನ ಮಾತು ಮಾತ್ರ ಆಯಾ ಕಲಾವಿದರದೇ. ದ್ವಾರಕೆಯ ರಾಣಿ ಅಪ್ಪಟ ಬೆಳಗಾವಿ ಕನ್ನಡದಲ್ಲಿ ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಭಾಗವತ ನಡುವೆ ಬಾಯಿ ಹಾಕಿ ಅದನ್ನು ಊರ ಸಂಗತಿಗಳಿಗೆ ತಳಕು ಹಾಕುತ್ತಾನೆ. ಗಂಡ ಒಬ್ಬಳ ಕಡೆ ವಾಲಿದ ಮನೆಯ ಸಂಕಟವನ್ನು ಬಲ್ಲವರು ನೋಡುಗರಲ್ಲಿಯೂ ಇರುತ್ತಾರೆ. ಹಿಂದಿನ ಕಾಲದಲ್ಲಂತೂ ಸವತಿಯ ಬಾಳು ಪುರಾಣದ ಮಾತಷ್ಟೇ ಆಗಿರಲಿಲ್ಲ.

ಜಪಾನಿನ ಆ ಹುಡುಗ ಬೇರೆ ಲೋಕಕ್ಕೆ ಹೋಗಿಯೂ ಅಲ್ಲಿನ ಯಾರ ನೋವಿಗೂ ಉತ್ತರ ಹೇಳಬೇಕಾಗಿಲ್ಲ. ಪಾರಿಜಾತದಲ್ಲಿ ಪರಲೋಕದಿಂದ ಬರುವುದು ಒಂದು ಹೂವು ಮಾತ್ರ. ಅಷ್ಟಕ್ಕೇ ಒಂದು ಮನೆಯ ನೆಮ್ಮದಿ ಕದಡುತ್ತದೆ. ಅದ್ಭುತವೆಂಬುದು ಸುಖದ ಜೊತೆಗೆ ಹೊಣೆಯನ್ನೂ ಹೊರಿಸಿದಾಗ ಮಾತ್ರ ಕೇಳುವವರು ಕಿವಿಗೊಡುತ್ತಾರೆ.

ಇಂದು ಈ ಸೀಮೆಯ ಮಕ್ಕಳ ಕೈಯಲ್ಲೂ ಮೊಬೈಲಿದೆ. ಜಪಾನಿನ ಮಾಯಾಲೋಕ ಬೆರಳ ತುದಿಯಲ್ಲಿದೆ. ಅವರು ಅದನ್ನು ನೋಡುವುದು ತಪ್ಪಲ್ಲ. ಆದರೆ ಪಾರಿಜಾತದ ಮಾತುಗಾರಿಕೆ ಬರೆದಿಟ್ಟ ಪಾಠವಲ್ಲ. ಆಡುವವರು, ನೋಡುವವರು ಇರುವವರೆಗೆ ಮಾತ್ರ ಅದು ಉಳಿಯುತ್ತದೆ. ಅನಿಮೆಯನ್ನು ಎಂದು ಬೇಕಾದರೂ ಮತ್ತೆ ನೋಡಬಹುದು. ಭಾಮೆಯ ಮಾತು ಆ ರಾತ್ರಿಯದು.

ಕೊನೆಗೆ ಕೃಷ್ಣ ಇಂದ್ರನೊಡನೆ ಹೋರಾಡಿ ಮರವನ್ನೇ ಕಿತ್ತು ತರುತ್ತಾನೆ. ಭಾಮೆಯ ಅಂಗಳದಲ್ಲಿ ಗಿಡ ಊರಿದರೆ, ಹೂವು ಉದುರುವುದು ರುಕ್ಮಿಣಿಯ ಅಂಗಳದಲ್ಲಿ ಎಂದು ಜನ ಇಂದಿಗೂ ಹೇಳುತ್ತಾರೆ. ದೇವಲೋಕದ ಮರಕ್ಕೂ ಈ ಲೋಕದ ಜಗಳ ಬಗೆಹರಿಸಲು ಆಗಲಿಲ್ಲ.